ಮಣಿಕಟ್ಟಿನ ಸಂಖ್ಯೆ ಮುಚ್ಚುವ ಕೋಕಿಲಾ

ನೆಲ ಒರೆಸಿದ ನೀರನ್ನು ಮೋರಿಗೆ ಚೆಲ್ಲಿ ಬಂದು, ಕೋಕಿಲಾ ಈಗ ಕುರ್ಚಿಯ ರೆಕ್ಸಿನ್ ಉಜ್ಜುತ್ತಿದ್ದಾರೆ. ಬೆಳಿಗ್ಗೆ ಆರು ಗಂಟೆ. ಗೋವಿಂದರಾಜನಗರದ ಟೈಲರ್ ಅಂಗಡಿಯೊಂದರ ಮೇಲಿನ ಪುಟ್ಟ ಕೋಣೆ ಇದು. ಬೇಡವಾದ ಹಳೇ ಹಚ್ಚೆಯ ಮೇಲೆ ಹೊಸ ಚಿತ್ರ ಹಾಕಿ ಮುಚ್ಚುವುದು ಇವರ ಕಸುಬು. ಇಷ್ಟು ಬೇಗ ಬಾಗಿಲು ತೆಗೆಯುವುದು ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರಿಗಾಗಿ. ಕೆಲಸಕ್ಕೆ ಹೋಗುವ ಮುಂಚೆಯಷ್ಟೇ ಅವರಿಗೆ ಬಿಡುವು.

ಮೂವತ್ತೆಂಟರ ಕೋಕಿಲಾ ಮೊದಲು ಮದುವೆಮನೆಗಳಲ್ಲಿ ಮೆಹಂದಿ ಹಾಕುತ್ತಿದ್ದರು. ಸೂಜಿ ಹಿಡಿದು ಹನ್ನೊಂದು ವರ್ಷ. ದಿನಕ್ಕೆ ಮೂರು ಕೈ, ಹೆಚ್ಚೆಂದರೆ ನಾಲ್ಕು. ಸಂಜೆಗೆ ಕತ್ತು ತಿರುಗುವುದಿಲ್ಲ. "ಹಳೇದು ಅಳಿಸಿಹೋಗಲ್ಲಮ್ಮ, ಒಳಗೇ ಇರುತ್ತೆ. ನೋಡೋರ ಕಣ್ಣನ್ನ ಬೇರೆ ಕಡೆ ಎಳೀಬೇಕು ಅಷ್ಟೇ," ಎನ್ನುತ್ತಾರೆ. ಧ್ರುವ ಎಂಬ ಹುಡುಗನ ತೋಳಿನ 'ಕೀರ್ತನಾ' ಈಗ ನವಿಲು. "ಮುಂದಿನವಳ ಹೆಸ್ರನ್ನ ಪೆನ್ನಲ್ಲಿ ಬರ್ಕೊಳಪ್ಪ, ಅರ್ಜೆಂಟೇನಿಲ್ಲ" ಎಂದು ಬೈದು ಕಳಿಸಿದರಂತೆ.

ಎಲ್ಲ ಹಚ್ಚೆಗೂ ಹೀಗೆ ನಗಲಾಗದು. ಇಲ್ಲಿಗೆ ಬಂದ ಒಂಬತ್ತು ಹೆಂಗಸರ ಎಡ ಮಣಿಕಟ್ಟಿನಲ್ಲಿ ಒಂದೇ ಗುರುತು: ಒಂದು ದುಂಡು, ಅದರೊಳಗೊಂದು ಸಂಖ್ಯೆ. ಎಲ್ಲರೂ ಬೆಳೆದದ್ದು ಒಂದೇ ಅನಾಥಾಲಯದಲ್ಲಿ. ಓಡಿಹೋದರೆ ಹಿಡಿದು ತರಲು ಸುಲಭ ಎಂದು ಆರೇಳು ವರ್ಷದ ಕೈಗಳಿಗೆ ಸೂಜಿ ಚುಚ್ಚಿಸಿದ್ದಾರೆ! ಛತ್ರದ ಪಾತ್ರೆಗೆ ನಂಬರ್ ಕೊರೆಸುತ್ತಾರೆ, ಸರಿ. ಅಳುವ ಮಗುವಿನ ಕೈಯನ್ನು ಅದುಮಿ ಹಿಡಿದವರು ಯಾರು? ಅಲ್ಲಿನ ವಾರ್ಷಿಕೋತ್ಸವಗಳಲ್ಲಿ ಹಾರ ಹಾಕಿಸಿಕೊಂಡು ಬಂದ ಗಣ್ಯರಿಗೆ, ಹಾರ ಹಿಡಿದು ನಿಂತ ಆ ಕೈಗಳು ಕಾಣಲಿಲ್ಲವೇ?

ಮಕ್ಕಳ ಹಕ್ಕುಗಳ ಆಯೋಗಕ್ಕೆ ಕೋಕಿಲಾ ದೂರು ಬರೆದು ಎರಡು ವರ್ಷವಾಯಿತು. ಕಳಿಸಿಲ್ಲ. ಗಂಡನ ಮನೆಯವರಿಗೆ ಗೊತ್ತಾದೀತೆಂದು ಒಬ್ಬರೂ ಸಹಿ ಹಾಕಲಿಲ್ಲ. "ಹಳೇ ಕಥೆ ಬಿಡು ಅಂದ್ರು. ನಾನೂ ಬಿಟ್ಟೆ. ತಪ್ಪು ಮಾಡ್ದೆ."

ತಪ್ಪೆಂದು ಗೊತ್ತಾದದ್ದು ಕಳೆದ ವಾರ, ಹತ್ತೊಂಬತ್ತರ ಅನು ಕೈ ಚಾಚಿದಾಗ. ವರ್ಷಗಳು ಕಳೆದಂತೆ ಹಚ್ಚೆಯ ಮಸಿ ಹಸಿರಿಗೆ ತಿರುಗುತ್ತದೆ. ಅನುವಿನ ದುಂಡು ಇನ್ನೂ ಕಪ್ಪಗಿದೆ.

"ಇದ್ಯಾವಾಗ ಹಾಕಿದ್ದಮ್ಮ?"

"ನಾಲ್ಕು ವರ್ಷ ಆಯ್ತಕ್ಕ. ನಾನು ಅಲ್ಲಿಗೆ ಸೇರಿದ್ದೇ ಹದಿನೈದಕ್ಕೆ. ಚಿಕ್ಕೋರಿಗೆ ಈಗ್ಲೂ ಹಾಕ್ತಾರೆ."

ಸಹಿ ಎಂದರೆ ಅವಳಿಗೂ ಭಯ. "ದೊಡ್ಡೋರು ಒಬ್ರು ಹಾಕಿದ್ರೆ ನಾನೂ ಹಾಕ್ತೀನಿ" ಎಂದು ಹೋಗಿದ್ದಾಳೆ.

ಇವತ್ತು ಕುರ್ಚಿಯಲ್ಲಿ ಬಂದು ಕೂರುವವರು ಶಿವಕ್ಕ, ಅದೇ ಅನಾಥಾಲಯದ ಮೂವತ್ತೊಂದನೇ ಸಂಖ್ಯೆ. ಎರಡು ವರ್ಷದ ಹಿಂದೆ ಸಹಿ ಎಂದೊಡನೆ ಕೈ ಮುಚ್ಚಿಸಿಕೊಳ್ಳದೆ ಎದ್ದು ಹೋಗಿದ್ದವರು. ಕೋಕಿಲಾ ಅನುವಿನ ವಿಷಯ ಹೇಳುತ್ತಾರೆ.

"ಈಗ್ಲೂನಾ?"

"ಈಗ್ಲೂ ಅಕ್ಕ."

ಶಿವಕ್ಕ ಕೈಬಳೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ. "ಫೋಟೋ ತಗೊ, ಮುಖ ಸೇರಿಸಿ. ಮುಚ್ಚೋದು ಆಮೇಲೆ."

"ಮನೇಲಿ?"

"ನಮ್ಮತ್ತೆಗೆ ನಾನೇ ಹೇಳ್ತೀನಿ. ಇಪ್ಪತ್ತು ವರ್ಷ ಬಳೆ ತುಂಬ್ಕೊಂಡು ಮುಚ್ಚಿದ್ದು ಸಾಕು. ನಾನೇನು ಕದ್ದಿದ್ನಾ? ಪೆನ್ ಕೊಡೇ." ವರದಿಗೆಂದು ಬಂದ ನಮ್ಮ ಕಡೆ ತಿರುಗಿ, "ನಿಮ್ಮ ಪೇಪರಲ್ಲೂ ನನ್ನ ಹೆಸ್ರು ಹಾಕಿ," ಎನ್ನುತ್ತಾರೆ.

ಕೋಕಿಲಾ ಫೋನ್ ಮಾಡಿದ ಅರ್ಧ ಗಂಟೆಗೆ ಅನು ಓಡಿಬಂದು ಶಿವಕ್ಕನ ಸಹಿಯ ಕೆಳಗೆ ತನ್ನ ಹೆಸರು ಬರೆಯುತ್ತಾಳೆ. ಉಳಿದ ಏಳು ಸಂಖ್ಯೆಗಳನ್ನು ಕೋಕಿಲಾ ದೂರಿನಲ್ಲಿ ಸೇರಿಸಿಲ್ಲ. "ಅವ್ರ ಕೈ ಅದು. ಅವ್ರಾಗೇ ಬಂದ್ರೆ ಸೇರಿಸ್ತೀನಿ."

ಹತ್ತು ಗಂಟೆಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಗುಮಾಸ್ತರು ದೂರಿನ ಲಕೋಟೆ ತೂಗುತ್ತಾರೆ.

"ಸ್ಪೀಡ್ ಪೋಸ್ಟಾ?"

"ಹ್ಞೂ ಸಾರ್. ಇಬ್ರ ಸಹಿ ಇದೆ," ಎನ್ನುತ್ತಾರೆ ಕೋಕಿಲಾ, ಅವರು ಕೇಳದಿದ್ದರೂ. ಮುದ್ರೆ ಬೀಳುತ್ತದೆ.