ಉಗುರಕ್ಕನ ಬೆಚ್ಚನೆಯ ಬೋಗುಣಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಿರಿಯರ ಸಂಘದ ದೊಡ್ಡ ಹಾಲ್‌ನಲ್ಲಿ ಕುರ್ಚಿಗಳು ಒಂದರ ಮೇಲೊಂದು ಪೇರಿಸಿಕೊಂಡು ನಿದ್ದೆ ಹೊಡೆಯುತ್ತಿವೆ. ಅದರ ಹಿಂದೆ, ಅಡುಗೆಕೋಣೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಪುಟ್ಟ ಕೋಣೆಯಲ್ಲಿ ಮಾತ್ರ ದೀಪ. ಒಬ್ಬ ಹೆಂಗಸು ನೀಲಿ ಪ್ಲಾಸ್ಟಿಕ್ ಬೋಗುಣಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡುತ್ತಾರೆ. ಇನ್ನೊಂದು ಚೊಂಬು ತಣ್ಣೀರು. ಮತ್ತೆ ಮೊಣಕೈ.

"ಬೆರಳು ಅದ್ದಿ ನೋಡಿದ್ರೆ ಮೋಸ ಹೋಗ್ತೀವಿ. ಪಾತ್ರೆ ತಿಕ್ಕಿ ತಿಕ್ಕಿ ಅದಕ್ಕೆ ಬಿಸಿ ಯಾವುದು, ಬೆಚ್ಚಗೆ ಯಾವುದು ಅನ್ನೋದೇ ಮರೆತುಹೋಗಿರತ್ತೆ. ಮೊಣಕೈ ಪಾಪದ್ದು, ಇದ್ದದ್ದು ಇದ್ದ ಹಾಗೆ ಹೇಳತ್ತೆ," ಎನ್ನುತ್ತಾ ಅವರು ಟವೆಲ್ ಹರವಿ, ಗಿಡ್ಡ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಎದುರಿನ ಎತ್ತರದ ಕುರ್ಚಿ ಖಾಲಿಯಿದೆ. ಹೆಚ್ಚು ಹೊತ್ತು ಹಾಗಿರುವುದಿಲ್ಲ.

ಇವರಿಗೆ ಸಂಘದಲ್ಲಿ ಉಗುರಕ್ಕ ಎಂದೇ ಹೆಸರು. ವಯಸ್ಸು ಐವತ್ತರ ಆಸುಪಾಸು. ಎಂಬತ್ತು ದಾಟಿದವರೂ ಅಕ್ಕ ಅಕ್ಕ ಎಂದು ಕೂಗಿದರೆ ಅವರಿಗೇನೂ ಮುಜುಗರವಿಲ್ಲ. ಕೆಲಸ ಹೇಳಿದರೆ ಒಂದೇ ಸಾಲು: ಬಗ್ಗಿ ತಮ್ಮ ಕಾಲನ್ನು ತಾವೇ ಮುಟ್ಟಿಕೊಳ್ಳಲು ಆಗದ ಹಿರಿಯರ ಕಾಲ್ಬೆರಳಿನ ಉಗುರು ಕತ್ತರಿಸುವುದು. ಕೇಳಿದವರು "ಅಷ್ಟೇನಾ?" ಎನ್ನುತ್ತಾರೆ. ಬಗ್ಗಲು ಬರುವವರೆಲ್ಲ ಹಾಗೇ ಎನ್ನುವುದು.

ಮೊದಲು ಬರುವವರು ಒಬ್ಬ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್. ಮೀಸೆ ಇನ್ನೂ ಡ್ಯೂಟಿಯಲ್ಲೇ ಇದೆ. ಕುರ್ಚಿ ಏರಿ, ಕಾಲು ನೀರಿಗಿಳಿಸಿ, ಊರನ್ನೇ ಗದರಿಸುವವರಂತೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಉಗುರಕ್ಕ ಅಂಗಾಲು ಒರೆಸಲು ಟವೆಲ್ ತಾಗಿಸಿದ್ದೇ ತಡ, "ಹಿಹಿಹಿ, ಬೇಡ, ಬೇಡ ಕಣಮ್ಮ!" ಎಂದು ಎಳೆ ಮಗುವಿನಂತೆ ಕಿಲಕಿಲ ನಗಲು ಶುರುಮಾಡುತ್ತಾರೆ. ಕಚಗುಳಿ! ಎಷ್ಟು ಕಳ್ಳರ ಬಾಯಿ ಬಿಡಿಸಿದವರೋ, ಈಗ ಇವರ ಬಾಯಿ ಬಿಡಿಸಲು ಒಂದು ಟವೆಲ್ ಸಾಕು.

"ಸಾಹೇಬ್ರೇ, ಒದ್ದೀರ ಮತ್ತೆ. ಹೋದ ತಿಂಗಳು ಬೋಗುಣಿ ಗೋಡೆಗೆ ಹೋಗಿತ್ತು."

"ಆ ವಿಷಯ ಹೊರಗೆ ಎಲ್ಲೂ ಹೇಳಬಾರದು ನೀನು."

"ಹೇಳಲ್ಲ. ಅಡುಗೆಕೋಣೆಯವರಿಗೆ ಮಾತ್ರ ಹೇಳಿದ್ದೀನಿ."

ಅಂದರೆ ಊರಿಗೆಲ್ಲ ಗೊತ್ತಾಯಿತು ಎಂದರ್ಥ.

ಒರೆಸುವುದು ಬೆರಳ ಸಂದಿ ಸಂದಿಗೂ. ಅಲ್ಲಿ ತೇವ ಉಳಿದರೆ ಚರ್ಮ ಬಿರಿಯುತ್ತದೆ. ಉಗುರನ್ನು ನೇರ ಅಡ್ಡಕ್ಕೆ ಕತ್ತರಿಸಬೇಕು, ಮೂಲೆಗೆ ಇಳಿಯಬಾರದು. ಸಕ್ಕರೆ ಕಾಯಿಲೆಯವರಾದರೆ ಒಂದು ಎಳೆ ಹತ್ತಿ ಬೆರಳಿಗೆ ಸೋಕಿಸಿ, "ಈಗ ಯಾವ ಬೆರಳು?" ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲವೆಂದರೂ, ಸಣ್ಣ ಗಾಯ ಕಂಡರೂ, ಉಪಕರಣ ಕೆಳಗಿಟ್ಟು ಡಾಕ್ಟರ ಬಳಿ ಕಳಿಸುತ್ತಾರೆ. ಇವನ್ನೆಲ್ಲ ಕಲಿಸಿದ್ದು ಸಂಘದ ಸದಸ್ಯೆಯೇ ಆದ ನಿವೃತ್ತ ನರ್ಸಮ್ಮ. ಎರಡು ತಿಂಗಳು ಪಕ್ಕದಲ್ಲೇ ನಿಂತು, ತಪ್ಪಿದಾಗಲೆಲ್ಲ ಕೈಮೇಲೆ ಚಟ್ಟನೆ ಹೊಡೆದು ಕಲಿಸಿದರಂತೆ.

ಅದಕ್ಕೂ ಮೊದಲು ಉಗುರಕ್ಕ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದವರು. ಮದುವೆಯಾಗುವ ಹುಡುಗಿಯರ ನಯವಾದ ಕಾಲುಗಳನ್ನು ಇನ್ನಷ್ಟು ನಯ ಮಾಡುವ ಕೆಲಸ. ಒಂದು ದಿನ ಪಾರ್ಲರ್ ಮುಚ್ಚಿತು. ಕೆಲಸ ಹುಡುಕುತ್ತಾ ಮನೆಯಲ್ಲಿ ಕೂತಾಗ ಕಣ್ಣಿಗೆ ಬಿದ್ದದ್ದು ಅತ್ತೆಯ ಕಾಲುಚೀಲ. ಬೇಸಿಗೆಯಲ್ಲೂ ಅವರು ಅದನ್ನು ಬಿಚ್ಚುತ್ತಿರಲಿಲ್ಲ. ಕುಂಟುತ್ತಾ ಓಡಾಡುತ್ತಿದ್ದರು. ಗದರಿಸಿ ಬಿಚ್ಚಿಸಿದರೆ, ಉಗುರುಗಳು ಬೆಳೆದು ಸುರುಳಿ ಸುತ್ತಿ ಪಕ್ಕದ ಬೆರಳಿಗೆ ಚುಚ್ಚುತ್ತಿವೆ!

"ಹೇಳಬಾರದಿತ್ತಾ ಅತ್ತೆ, ಅಂದೆ. 'ಸೊಸೆ ಕೈಲಿ ಕಾಲುಗುರು ಕತ್ತರಿಸಿಕೊಳ್ಳೋದಾ?' ಅಂದ್ರು. ನಾಚಿಕೆ. ಕತ್ತರಿಸಿ ಮುಗಿಸಿದ ಮೇಲೆ ಎದ್ದು ಬೀದಿ ಕೊನೇವರೆಗೂ ಹೋಗಿ ಬಂದ್ರು. ಮತ್ತೆ ಹೋದ್ರು. ಮೂರನೇ ಸಲ ಹೋದವರು ಬರಲೇ ಇಲ್ಲ. ನೋಡಿದ್ರೆ ಇಲ್ಲಿ ಸಂಘಕ್ಕೆ ಬಂದು ಎಲ್ಲರಿಗೂ ಕಾಲು ತೋರಿಸ್ತಾ ಕೂತಿದ್ದಾರೆ!"

ಅತ್ತೆಯ ಡಂಗುರದಿಂದಲೇ ಈ ಕೋಣೆ ತೆರೆಯಿತು. ಮೊದಲು ವಾರಕ್ಕೆರಡು ಬೆಳಿಗ್ಗೆ. ಈಗ ಭಾನುವಾರ ಬಿಟ್ಟು ದಿನವೂ ಹತ್ತು ಹನ್ನೆರಡು ಜೊತೆ ಕಾಲು. ನೆಂಟರಲ್ಲಿ ಒಬ್ಬಾಕೆ ಸುಮ್ಮನಿರಲಾರದೆ, "ಕಂಡಕಂಡವರ ಕಾಲು ಹಿಡಿಯೋ ಗತಿ ಬಂತಲ್ಲೇ ನಿನಗೆ," ಎಂದರಂತೆ. "ನಾನು ಹಿಡಿದ ಕಾಲು ಯಾವುದೂ ನನ್ನನ್ನ ಒದ್ದಿಲ್ಲ ಕಣೇ ಅಂದೆ. ಇನ್‌ಸ್ಪೆಕ್ಟರ್ ಸಾಹೇಬ್ರನ್ನ ಲೆಕ್ಕಕ್ಕೆ ಹಿಡೀಲಿಲ್ಲ." ಎಲೆಕ್ಟ್ರಿಷಿಯನ್ ಗಂಡ ಮೊದಮೊದಲು ಹೆಂಡತಿಯ ಕೆಲಸ ಏನೆಂದು ಕೇಳಿದವರಿಗೆ ಕೆಮ್ಮಿ ಮಾತು ಬದಲಿಸುತ್ತಿದ್ದರು. ಈಗ ಅವರೇ ಕುರ್ಚಿಯ ಪಕ್ಕಕ್ಕೊಂದು ಬಾಗುವ ದೀಪ ಅಳವಡಿಸಿಕೊಟ್ಟಿದ್ದಾರೆ.

ಇಷ್ಟೆಲ್ಲ ಸಲೀಸಾಗಿ ನಡೆಯುತ್ತಿದ್ದ ಕೋಣೆಗೆ ಒಂದು ಕಾಲು ಮಾತ್ರ ಸವಾಲು ಹಾಕಿತು. ಅದು ಅಂಚೆಯಣ್ಣನದು.

ಅಂಚೆಯಣ್ಣ ಬದುಕೆಲ್ಲ ನಡೆದು ಕಾಗದ ಹಂಚಿದವರು. ನಿವೃತ್ತಿಯ ನಂತರ ಸಂಘದ ಬೆಳಗಿನ ನಡಿಗೆ ಬಳಗ ಕಟ್ಟಿದವರೂ ಅವರೇ. ಇಲ್ಲಿಂದ ಹೊಳೆಯ ಸೇತುವೆವರೆಗೆ ಹೋಗಿ ಬರುವ ಇಪ್ಪತ್ತು ಮಂದಿಯ ತಂಡಕ್ಕೆ ಮುಂದಾಳು. ಅಂಥವರು ಎರಡು ತಿಂಗಳಿಂದ ಗೇಟಿನ ಪಕ್ಕದ ಕಲ್ಲುಬೆಂಚು ದಾಟುತ್ತಿರಲಿಲ್ಲ. "ಮಂಡಿ ಹೋಯ್ತು. ಇನ್ನು ನನ್ನ ಕೈಲಾಗಲ್ಲ, ಬೇರೆ ಯಾರನ್ನಾದರೂ ನೋಡ್ಕೊಳ್ಳಿ," ಎಂದುಬಿಟ್ಟಿದ್ದರು. ಮುಂದಾಳಿಲ್ಲದ ತಂಡ ಹತ್ತಾಯಿತು, ಐದಾಯಿತು.

ಅವರನ್ನು ಉಗುರಕ್ಕನ ಮುಂದೆ ತಂದು ನಿಲ್ಲಿಸಿದ್ದು ಹೆಂಡತಿ ಟೀಚರಮ್ಮ. ಶಿಶುವಿಹಾರದಲ್ಲಿ ಪಾಠ ಹೇಳಿ ನಿವೃತ್ತರಾದವರು. ಈಗಲೂ ಎದುರಿಗಿದ್ದವರೆಲ್ಲ ನಾಲ್ಕು ವರ್ಷದ ಮಕ್ಕಳೇ ಎಂಬಂತೆ ಮಾತು.

"ಕೂತ್ಕೊಳ್ಳಿ. ಕಾಲು ನೀಡಿ. ಜಾಣ! ನೋಡು ಉಗುರಕ್ಕ, ಇವರು ಹೊರಗೆ ಹೋಗದಿದ್ರೆ ನಾನು ಬದುಕಲ್ಲ. ಮನೇಲಿ ಕೂತು ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ವಿಂಗಡಣೆ ಮಾಡ್ತಿದ್ದಾರೆ. ಮೇಲಿನ ಸಾಲು ಬೇಗ ಹೋಗೋದು, ಕೆಳಗಿನ ಸಾಲು ನಿಧಾನಕ್ಕೆ ಹೋಗೋದು ಅಂತೆ. ಉಪ್ಪು ಹುಡುಕೋಕೆ ನಾನು ಇವರಿಗೆ ಅರ್ಜಿ ಹಾಕ್ಬೇಕು!"

"ಸುಲಭ ಆಗಲಿ ಅಂತ ಮಾಡಿದ್ದು ಕಣೇ."

"ಯಾರಿಗೆ ಸುಲಭ?"

ಅಂಚೆಯಣ್ಣನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಹೆದರಿ ಅಡಗಿಕೊಂಡಂತಿತ್ತು. ಮಂಡಿಯ ಕಥೆ ಸುಳ್ಳು ಎಂದು ಉಗುರಕ್ಕನಿಗೆ ಅಲ್ಲೇ ತಿಳಿಯಿತು. ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಗುರು ತಗ್ಗಿಸಿ, ಎಣ್ಣೆ ಸವರಿ ಕಳಿಸಿದರು. ನೋವು ತಗ್ಗಿತೆಂದು ಅವರು ನಡೆಯಲು ನೋಡಿದರೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಪ್ಪು, ಅದೇ ನೋವು. ಮತ್ತೆ ಆರೈಕೆ. ಮತ್ತೆ ಅದೇ. ಅಂಚೆಯಣ್ಣ ಬೆಂಚಿನ ಮೇಲೇ ಉಳಿದರು.

"ನನಗೆ ನಿದ್ದೆ ಬರಲಿಲ್ಲ," ಎನ್ನುತ್ತಾರೆ ಉಗುರಕ್ಕ. "ಇಷ್ಟು ಜನರ ಕಾಲು ನೋಡಿದ್ದೀನಿ, ಇದೊಂದು ಯಾಕೆ ಬಗ್ತಿಲ್ಲ? ಆಮೇಲೆ ಹೊಳೀತು. ನಾನು ಇವತ್ತಿನವರೆಗೆ ಅವರ ಬೂಟೇ ನೋಡಿಲ್ಲ!"

ನೋಡುವುದಾದರೂ ಹೇಗೆ? ಉಗುರಕ್ಕನಿಗೆ ಬಿಚ್ಚುವ ತೊಂದರೆ ಬೇಡವೆಂದು ಈ ಕೋಣೆಗೆ ಎಲ್ಲರೂ ಬರುವುದೇ ಹಗುರ ಚಪ್ಪಲಿಯಲ್ಲಿ. ಅಷ್ಟು ದೊಡ್ಡ ಮನಸ್ಸು. ಹಾಗಾಗಿ ಕಾಲನ್ನು ಕಚ್ಚುತ್ತಿದ್ದ ಅಪರಾಧಿ ಮನೆಯ ಬಾಗಿಲ ಹಿಂದೆ ಹಾಯಾಗಿ ಕೂತಿತ್ತು. ಮರುದಿನವೇ ಉಗುರಕ್ಕ ಹೇಳಿ ಕಳಿಸಿದರು: ನಡೆಯಲು ಹಾಕುವ ಬೂಟಿನಲ್ಲೇ ಬರಬೇಕು.

ಬೂಟು ಬಂತು. ಹೊಸದು, ಹೊಳೆಯುವಂಥದ್ದು. ಮುಂದಾಳಾದೆನಲ್ಲ ಎಂದು ಅಂಚೆಯಣ್ಣ ಸಡಗರದಿಂದ ಕೊಂಡಿದ್ದು. ಉಗುರಕ್ಕ ನೆಲದ ಮೇಲೆ ಬಿಳಿ ಕಾಗದ ಹಾಸಿ, ಅದರ ಮೇಲೆ ಅವರನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಆ ಚಿತ್ರದ ಮೇಲೆ ಬೂಟು ಇಟ್ಟರು. ಬೂಟಿನ ಮುಂದೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಯೂ ಕಾಲು ಉಕ್ಕಿ ಹೊರಗೆ ಹರಿದಿದೆ!

"ಅಂಚೆಯಣ್ಣ, ಇದು ಯಾವ ನಂಬರ್?"

"ಏಳು. ನನ್ನ ನಂಬರ್ ಏಳೇ."

"ಯಾರು ಹೇಳಿದ್ದು?"

"ಯಾರು ಹೇಳೋದೇನು? ಕೆಲಸಕ್ಕೆ ಸೇರಿದ ದಿನ ಅಳತೆ ತಗೊಂಡಿದ್ರು. ಏಳು. ವರ್ಷ ವರ್ಷ ಬೂಟು ಕೊಡೋವಾಗ ಕೇಳೋರು, ಏಳು ಅನ್ನುತ್ತಿದ್ದೆ. ಅದು ನನ್ನ ನಂಬರಮ್ಮ!"

ಸೇರಿದಾಗ ಅವರಿಗೆ ಇಪ್ಪತ್ತೆರಡು. ಆಮೇಲೆ ಊರು ಬೆಳೆಯಿತು, ಹೊಟ್ಟೆ ಬೆಳೆಯಿತು, ನಡೆದು ನಡೆದು ಪಾದವೂ ಹರಡಿಕೊಂಡಿತು. ನಂಬರ್ ಮಾತ್ರ ಬೆಳೆಯಲಿಲ್ಲ. ಕೆಲಸದ ಬೂಟು ದಿನವಿಡೀ ತಿರುಗಾಟಕ್ಕೆ ಹಿಗ್ಗಿ ಹೇಗೋ ಸಹಿಸಿಕೊಂಡಿತ್ತು. ನಿವೃತ್ತಿಯಾದ ಮೇಲಿನ ವರ್ಷಗಳು ಚಪ್ಪಲಿಯಲ್ಲಿ ಕಳೆದವು. ಈ ಗಟ್ಟಿ ಹೊಸ ಬೂಟು ಸಹಿಸಲಿಲ್ಲ.

ಟೀಚರಮ್ಮ ಗೋಡೆ ಹಿಡಿದು ನಗುತ್ತಿದ್ದರು. "ಊರಿನವರ ವಿಳಾಸವೆಲ್ಲ ಬಾಯಿಪಾಠ. ತನ್ನ ಕಾಲು ಎಲ್ಲಿಗೆ ಮುಗಿಯುತ್ತೆ ಅನ್ನೋದು ಮಾತ್ರ ಗೊತ್ತಿಲ್ಲ!"

ಉಗುರಕ್ಕ ಚಿತ್ರ ಅಳೆದು, ಒಂಬತ್ತು ಬೇಕು ಎಂದರು. ಅಂಚೆಯಣ್ಣನ ಮುಖ ಬಾಡಿತು. "ಒಂಬತ್ತಾ? ಒಂಬತ್ತು ನನ್ನ ಅಣ್ಣನ ನಂಬರ್. ಅವನು ಆನೆ ಥರ ಇದ್ದ!"

ಅಲ್ಲಿಗೂ ಮುಗಿಯಲಿಲ್ಲ. ಹಾಗೇ ಬಿಟ್ಟರೆ ಇವರು ಅಂಗಡಿಗೆ ಹೋಗಿ ಮತ್ತೆ ಏಳೇ ಎನ್ನುತ್ತಾರೆಂದು ಉಗುರಕ್ಕನಿಗೆ ಅನುಮಾನ. ಎಂದೂ ಯಾರ ಜೊತೆಗೂ ಅಂಗಡಿಗೆ ಹೋಗದ ಅವರು ಅಂದು ಸಂಜೆ ಗಂಡಹೆಂಡಿರ ಜೊತೆಗೇ ಹೊರಟರು. ಸಂಜೆಯೇ ಯಾಕೆ? ದಿನವೆಲ್ಲ ಓಡಾಡಿ ಕಾಲು ಊದಿರುತ್ತದೆ, ಆಗ ಸರಿಹೋದ ಬೂಟು ಯಾವಾಗಲೂ ಸರಿಹೋಗುತ್ತದೆ. ಅಂಗಡಿಯವರು "ಯಾವ ನಂಬರ್ ಸಾರ್?" ಎಂದು ಕೇಳಿ ಮುಗಿಸುವ ಮೊದಲೇ ಅಂಚೆಯಣ್ಣ "ಏಳು!" ಎಂದರು. "ಒಂಬತ್ತು!" ಎಂದು ಎರಡು ಹೆಣ್ಣುದನಿ ಒಟ್ಟಿಗೆ ಕೇಳಿ ಅಂಗಡಿಯೇ ತಿರುಗಿ ನೋಡಿತು.

ಹಾಕಿ ನಿಂತ ಅಂಚೆಯಣ್ಣ ಬಹಳ ಹೊತ್ತು ಕದಲಲಿಲ್ಲ. ಒಳಗೆ ಬೆರಳು ಆಡಿಸಿದರು. ಮತ್ತೆ ಆಡಿಸಿದರು.

"ಏನಾಯ್ತು? ಕಚ್ತಿದೆಯಾ?" ಉಗುರಕ್ಕ ಗಾಬರಿಯಾದರು.

"ಇಲ್ಲ... ಒಳಗೆ ಯಾರೂ ಇಲ್ಲವೇನೋ ಅನ್ನಿಸ್ತಿದೆ."

ಕಪ್ಪು ಉಗುರು ಹೊಸದಕ್ಕೆ ಜಾಗ ಬಿಟ್ಟುಕೊಡಲು ತಿಂಗಳುಗಳು ಬೇಕು. ಆದರೆ ನೋವು ವಾರ ಎರಡರಲ್ಲೇ ಇಳಿಯಿತು. ಇತ್ತ ಕೋಣೆಯಲ್ಲಿ ಹೊಸ ಪದ್ಧತಿ ಶುರುವಾಗಿದೆ: ಮೊದಲ ಸಲ ಬರುವವರು ಬೂಟು ಸಮೇತ ಬರಬೇಕು, ಕಾಗದದ ಮೇಲೆ ನಿಲ್ಲಬೇಕು. ಸಮವಸ್ತ್ರದ ಕೆಲಸ ಮಾಡಿದವರಲ್ಲೇ ಈ ಹಳೆಯ ನಂಬರಿನ ಹಟ ಹೆಚ್ಚು ಎಂದು ಉಗುರಕ್ಕ ಕಂಡುಕೊಂಡಿದ್ದಾರೆ. ಬಸ್ ಡ್ರೈವರ್, ಕಾವಲುಗಾರ, ಸ್ವತಃ ಪಾಠ ಹೇಳಿಕೊಟ್ಟ ನರ್ಸಮ್ಮ! "ಅವರನ್ನ ಕಾಗದದ ಮೇಲೆ ನಿಲ್ಲಿಸೋವಾಗ ನನ್ನ ಕೈ ತಾನಾಗೇ ಹಿಂದಕ್ಕೆ ಹೋಗ್ತಿತ್ತು. ಹಳೇ ಏಟು ನೆನಪಾಗಿ," ಎಂದು ನಗುತ್ತಾರೆ.

ಇಂದು ಅಂಚೆಯಣ್ಣ ಮತ್ತೆ ಸೇತುವೆಗೆ ಹೊರಟಿರುವ ಮೊದಲ ದಿನ. ಗೇಟಿನಲ್ಲಿ ಇಪ್ಪತ್ತೂ ಮಂದಿ ಸೇರಿದ್ದಾರೆ. ಇನ್‌ಸ್ಪೆಕ್ಟರ್ ಸಾಹೇಬರು ಕಾಲು ಒರೆಸಿಕೊಂಡು ಓಡಿಹೋಗಿ ಸಾಲಿಗೆ ಸೇರಿದ್ದಾರೆ. ಉಗುರಕ್ಕ ಬಾಗಿಲಿಗೆ ಬಂದು ನಿಂತು, ಮುಖ ನೋಡುವುದಿಲ್ಲ, ಬೂಟು ನೋಡುತ್ತಾರೆ. ತಂಡ ತಿರುವು ದಾಟುವವರೆಗೂ ಅಲ್ಲೇ.

ಆಮೇಲೆ ಕೈ ಕೆಲಸದಲ್ಲಿದ್ದರೂ ಕಿವಿ ರಸ್ತೆಯಲ್ಲಿ. ತಂಡ ಒಬ್ಬೊಬ್ಬರಾಗಿ ವಾಪಸ್ ಬರುತ್ತದೆ. ಅಂಚೆಯಣ್ಣ ಇಲ್ಲ. "ಸೇತುವೆ ಹತ್ತಿರ ನೀವು ಹೊರಡಿ ಅಂದ್ರು," ಎನ್ನುತ್ತಾರೆ ಸಾಹೇಬರು. ಅರ್ಧ ಗಂಟೆ. ಒಂದು ಗಂಟೆ. ಟೀಚರಮ್ಮ ಬಂದು ಗೇಟಿಗೂ ಕೋಣೆಗೂ ಓಡಾಡುತ್ತಾರೆ. ಉಗುರಕ್ಕನ ಬೋಗುಣಿಯ ನೀರು ಆರಿ ತಣ್ಣಗಾಗಿದೆ. "ಬೆರಳು ಮತ್ತೆ ಕೈಕೊಟ್ಟಿತೋ ಏನೋ. ಇಷ್ಟು ಬೇಗ ಬಿಡಬಾರದಿತ್ತು," ಎಂದು ಗೊಣಗಿಕೊಂಡು ಚಪ್ಪಲಿ ಮೆಟ್ಟಿ ಹುಡುಕಲು ಹೊರಡಬೇಕು, ಅಷ್ಟರಲ್ಲಿ ಅಂಚೆಯಣ್ಣ ಬೀದಿಯ ಬಿಸಿಲನ್ನೆಲ್ಲ ಮೈಮೇಲೆ ಹೊದ್ದುಕೊಂಡು ಒಳಗೆ ಬರುತ್ತಾರೆ.

"ಸೇತುವೆ ದಾಟಿಬಿಟ್ಟೆ ಕಣೇ! ನನ್ನ ಹಳೇ ಬೀದಿಗಳು ಅಲ್ಲೇ ಇದ್ದಾವಲ್ಲ, ಒಂದು ಸುತ್ತು ನೋಡೋಣ ಅಂತ. ಆ ಹಳದಿ ಗೇಟಿನ ಮನೆಗೆ ಈಗ ಹಸಿರು ಬಣ್ಣ ಬಳಿದಿದ್ದಾರೆ, ಚೆನ್ನಾಗಿಲ್ಲ. ಅಲ್ಲಿನ ಅಜ್ಜಿ ಬಾಗಿಲಲ್ಲೇ ಗುರುತು ಹಿಡಿದು, ನನಗೇನಾದರೂ ಬಂದಿದೆಯೇನಪ್ಪಾ ಅಂತ ಕೇಳಿದ್ರು! ನಾನೇ ಬಂದಿದ್ದೀನಿ ಅಂದೆ. ನನ್ನನ್ನ ಕಂಡ್ರೆ ಬೊಗಳ್ತಿದ್ದ ನಾಯಿಯ ಮರಿಯ ಮರಿ ಇದೆ ಈಗ. ಅದೂ ಬೊಗಳ್ತು! ಮೂಲೆ ಮನೆಯ ಅವಳಿಜವಳಿ ಇದ್ರಲ್ಲ, ಇಬ್ಬರಿಗೂ ಗಡ್ಡ ಬಂದಿದೆ..."

ಮಾತು ನಿಲ್ಲುವುದೇ ಇಲ್ಲ. ನಿಂತೇ ಹೇಳುತ್ತಾರೆ, ಆ ಕಡೆ ಈ ಕಡೆ ನಡೆದಾಡುತ್ತಾ ಹೇಳುತ್ತಾರೆ, ಕೊನೆಗೆ ಅದೇ ಕಥೆಯನ್ನು ಅಡುಗೆಕೋಣೆಯವರಿಗೆ ಹೇಳಲು ಹೊರಟೇಬಿಡುತ್ತಾರೆ.

ಟೀಚರಮ್ಮನಿಗೆ ಸಿಟ್ಟು, ನೆಮ್ಮದಿ ಎರಡೂ ಒಟ್ಟಿಗೆ. "ನೋಡು, ನಿನಗೊಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಆ ಮನುಷ್ಯ!"

ಉಗುರಕ್ಕ ತಣ್ಣೀರು ಚೆಲ್ಲಿ, ಬೋಗುಣಿಯನ್ನು ಒರೆಸುತ್ತಾ, ಮುಖದ ತುಂಬ ನಗುತ್ತಾರೆ.

"ಅಷ್ಟು ಹೊತ್ತು ಮಾತಾಡಿದ್ರಲ್ಲ ಟೀಚರಮ್ಮ, ಕಾಲಿನ ಸುದ್ದಿ ಒಂದು ಸಲಾನಾದ್ರೂ ತೆಗೆದ್ರಾ?"