ಮುಕ್ಕುಂದದ ಮರಳಿಗಾಗಿ ಜೀಪು ಎತ್ತರಿಸಿದ್ದು

೧೯೮೧ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಏಳನೆಯ ತರಗತಿ ಅರ್ಧಕ್ಕೆ ಬಂದಿತ್ತು. ಯಾರೂ ಬಿಡಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಪಾಮನಕಲ್ಲೂರಿನಿಂದ ಬಳಗಾನೂರಿನ ಕಡೆಗೆ ಭತ್ತದ ಕೊಯ್ಲಿಗೆ ಜನ ಹೊರಟಿದ್ದರು, ಅವರ ಜೊತೆ ನಾನೂ ಹೋದೆ. ಕಾಲುವೆ ಬದಿಗೆ ಆಂಧ್ರದ ರೈತರು ನೆಲೆಸಿದ್ದ ಕ್ಯಾಂಪಿನಲ್ಲಿ ಒಬ್ಬ ಸಾವುಕಾರರ ಟ್ರ್ಯಾಕ್ಟರ್ ಇತ್ತು. ಕೊಯ್ಲು ಮುಗಿದು ಎಲ್ಲರೂ ಊರಿಗೆ ತಿರುಗಿದರು, ನಾನು ಟ್ರ್ಯಾಕ್ಟರಿನ ಹತ್ತಿರವೇ ಉಳಿದೆ. ಮೊದಲು ತೊಳೆಯುವುದು, ಗ್ರೀಸು ಹಚ್ಚುವುದು. ಮೀಸೆ ಮೂಡುವ ಹೊತ್ತಿಗೆ ನಡೆಸುವುದು. ಕೆಲಸದ ವಿಷಯದಲ್ಲಿ ನನಗೆ ಎರಡು ಮಾತು ಅನ್ನಿಸಿಕೊಂಡು ಗೊತ್ತಿಲ್ಲ. ಆದರೆ ಹಬ್ಬಕ್ಕೆ ಊರಿಗೆ ಹೋಗಬೇಕಾದರೂ ಸಾವುಕಾರರ ಕೈಯಲ್ಲಿ ಚಾವಿ ಇಟ್ಟು ಹೋಗಬೇಕಿತ್ತು. ಅದೊಂದು ನನಗೆ ಆಗಿಬರುತ್ತಿರಲಿಲ್ಲ.

ಹತ್ತು ವರ್ಷ ದುಡಿದ ಮೇಲೆ ಒಂದು ಸರ್ಕಾರಿ ಹರಾಜಿನಲ್ಲಿ ಹಳೆಯ ಜೀಪು ಹಿಡಿದೆ. ಹಿಂದಿನ ಸೀಟು ಹರಿದಿತ್ತು, ಹುಡ್ ಇರಲೇ ಇಲ್ಲ, ಇಂಜಿನ್ ಮಾತ್ರ ಗಟ್ಟಿ. ನಾಲ್ಕೂ ಗಾಲಿಗೆ ಜೋರು ಹೋಗುವ ಗೇರು ಇತ್ತು. ಮಸ್ಕಿಯಲ್ಲಿ ಮನೆ ಮಾಡಿ, ಮಸ್ಕಿಯಿಂದ ಸುತ್ತಲಿನ ಹಳ್ಳಿಗಳಿಗೆ ಮಂದಿಯನ್ನು ಕೂರಿಸಿಕೊಂಡು ಬಾಡಿಗೆ ಹೊಡೆದೆ. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಆ ದಾರಿಗೆ ದೊಡ್ಡ ಟೆಂಪೋಗಳು ಬಂದವು. ಅವುಗಳಲ್ಲಿ ಕೂರಲು ನೆರಳಿತ್ತು, ಹಾಡು ಹಚ್ಚುತ್ತಿದ್ದರು. ನನ್ನ ಜೀಪಿಗೆ ಕೈ ಮಾಡುವವರು ಕಡಿಮೆಯಾದರು.

ಕ್ಯಾಂಪಿನ ಸಾವುಕಾರರು ಒಂದು ದಿನ ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಸಿಕ್ಕರು. ಅವರು ಆಂಧ್ರದ ಕಡೆಯವರು, ಕನ್ನಡ ಅವರ ಬಾಯಲ್ಲಿ ತೆಲುಗಿನ ಹಾಗೆ ಉರುಳುತ್ತಿತ್ತು.

"ಏಮಯ್ಯಾ, ಓನರ್ ಆದಿ ಅಂತ ಕೇಳಿದೆ. ಗಾಡಿ ನಡೆಯಲ್ಲ ಅಂತನೂ ಕೇಳಿದೆ. ಹೊಸ ಟ್ರ್ಯಾಕ್ಟರ್ ತಂದೀನಿ, ಬಾ. ನಿನ್ನ ಹಂಗ ಹೊಡಿಯೋನು ಇಲ್ಲ ನನ್ನ ಹತ್ರ."

"ಈ ಬ್ಯಾಸಿಗಿ ನೋಡ್ತೀನ್ರಿ," ಅಂದೆ.

"ನೋಡು ನೋಡು. ನಾ ಏನು ಎಲ್ಲಿಗೂ ಹೋಗಂಗಿಲ್ಲ."

ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮನೆಗೆ ಬಂದು ಹೆಂಡತಿಗೆ ಹೇಳಿದೆ: ಈ ಬೇಸಿಗೆಯಲ್ಲಿ ಕೆಲಸ ಸಿಗದಿದ್ದರೆ ಜೀಪು ಮಾರಿ, ಕ್ಯಾಂಪಿಗೆ ಹೋಗುವುದು.

ಕೆಲಸ ಇದ್ದದ್ದು ಮುಕ್ಕುಂದದ ಹೊಳೆಯಲ್ಲಿ. ಬೇಸಿಗೆಗೆ ತುಂಗಭದ್ರೆ ಒಂದು ಬದಿಗೆ ಸರಿಯುತ್ತಾಳೆ, ಉಳಿದದ್ದೆಲ್ಲ ಮರಳು. ಆ ಮರಳಿನಲ್ಲಿ ಗುಣಿ ತೋಡಿ ಕಲ್ಲಂಗಡಿ ಹಾಕುತ್ತಿದ್ದರು. ಹಣ್ಣನ್ನು ಹೊಳೆಯಿಂದ ಡಾಂಬರ್ ರಸ್ತೆಗೆ ತರುವುದೇ ಕಷ್ಟ. ನಡುವೆ ಗಾಳಿ ಒಟ್ಟಿದ ಮರಳಿನ ದಿಬ್ಬಗಳು. ಬಿಸಿಲು ಏರಿದರೆ ಹಣ್ಣು ಹೊರುವ ಬಂಡಿಯ ಎತ್ತುಗಳು ಕಾಲು ಇಡುತ್ತಿರಲಿಲ್ಲ. ಟ್ರ್ಯಾಕ್ಟರುಗಳೆಲ್ಲ ಬೇಸಿಗೆ ಭತ್ತದ ಕೆಲಸದಲ್ಲಿ ಇರುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಬಳ್ಳಿ ಹಾಕುತ್ತಿದ್ದವಳು ಒಬ್ಬ ಹೆಂಗಸು, ಐವತ್ತರ ಆಸುಪಾಸು. ಮಾತಿಗಿಂತ ಮೊದಲು ಕಣ್ಣಿನಿಂದಲೇ ಮನುಷ್ಯನನ್ನು ತೂಗುವವಳು. ಅವಳ ಹಣ್ಣು ಹೊರುವ ಕೆಲಸ ಸಿಕ್ಕರೆ ಉಳಿದವರದೂ ತಾನಾಗಿಯೇ ಬರುತ್ತದೆ ಎಂದು ಎಲ್ಲರೂ ಹೇಳಿದರು.

ಬರಿಯ ಜೀಪನ್ನು ತೋರಿಸಲು ಹೋದವನು ಮೊದಲ ದಿಬ್ಬದಲ್ಲೇ ಕೂತೆ. ಗಾಲಿ ಹೂತದ್ದಲ್ಲ, ದಿಬ್ಬದ ನೆತ್ತಿಗೆ ಜೀಪಿನ ಹೊಟ್ಟೆ ಊರಿತು. ನಾಲ್ಕೂ ಗಾಲಿ ಸುಮ್ಮನೆ ತಿರುಗಿದವು. ಬಂಡಿಯವರು ಎತ್ತು ಬಿಚ್ಚಿಕೊಂಡು ಬಂದರು.

"ಗಾಡಿ ಮಲಗೇತಲ್ಲೋ. ಮೇವು ಹಾಕಿದ್ದಿಲ್ಲೇನು?" ಅಂದ ಒಬ್ಬ.

ಆ ಹೆಂಗಸು ನಗಲಿಲ್ಲ. ಹಗ್ಗ ಕಟ್ಟುವವರೆಗೆ ನಿಂತು ನೋಡಿ, "ತಮ್ಮಾ, ನಿಂದು ಗಿಡ್ಡ ಐತಿ. ಎತ್ತರ ಮಾಡ್ಕೊಂಡು ಬಾ. ಹಣ್ಣು ಇನ್ನೂ ಹದಕ್ಕ ಬಂದಿಲ್ಲ," ಅಂದಳು.

ಎತ್ತರ ಮಾಡುವುದು ಹೇಗೆ ಎಂಬುದು ನನ್ನ ಮುಂದಿದ್ದ ಪ್ರಶ್ನೆ. ಜೀಪಿನ ಮೈ ನಿಲ್ಲುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ. ನಾವು ಅದಕ್ಕೆ ಪಾಟಾ ಅನ್ನುತ್ತೇವೆ. ಒಂದರ ಕೆಳಗೊಂದು ಪಾಟಾ ಜೋಡಿಸಿ ಬಿಗಿದಿರುತ್ತಾರೆ. ನನ್ನ ಜೀಪಿನ ಪಾಟಾಗಳು ಮುದುಕನ ಬೆನ್ನಿಗೆ ಉಲ್ಟಾ, ವಯಸ್ಸಾದಂತೆ ನೆಟ್ಟಗಾಗಿಬಿಟ್ಟಿದ್ದವು.

ಸಿಂಧನೂರಿನ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸಿದೆ. ಬಾಗು ಹೆಚ್ಚಿರುವ ಹೊಸ ಸೆಟ್ಟನ್ನು ಹೊರಗಿನಿಂದ ತರಿಸಿಕೊಡುತ್ತೇನೆ ಅಂದರು. ಬೆಲೆ ಕೇಳಿ ಚಹಾ ಕುಡಿದು ಎದ್ದು ಬಂದೆ. ಅಲ್ಲೇ ನಿಂತಿದ್ದ ಒಬ್ಬ ಲಾರಿ ಡ್ರೈವರ್, ಪಾಟಾಕ್ಕೂ ಅಚ್ಚಿಗೂ ನಡುವೆ ಕಟ್ಟಿಗೆಯ ತುಂಡು ಇಡು, ಅಗ್ಗದಲ್ಲಿ ಆಗುತ್ತದೆ ಅಂದ. ಇಳಿಜಾರಿನಲ್ಲಿ ಆ ತುಂಡು ಜಾರಿದರೆ ಅಚ್ಚೇ ಹಿಂದಕ್ಕೆ ಉಳಿಯುತ್ತದೆ ಎಂದು ಅದನ್ನು ಬಿಟ್ಟೆ.

ಕೊನೆಗೆ ನನ್ನದೇ ತಲೆ ಓಡಿಸಿದೆ. ಮಸ್ಕಿಯ ಗುಜರಿಯಲ್ಲಿ ಲಾರಿಯ ಪಾಟಾಗಳು ಬಿದ್ದಿದ್ದವು. ಅವುಗಳಲ್ಲಿ ಒಳ್ಳೆಯವನ್ನು ಆರಿಸಿ, ಉದ್ದ ಕತ್ತರಿಸಿ, ನನ್ನ ಪಾಟಾಗಳ ಜೊತೆ ಸೇರಿಸಿ ಬಿಗಿದೆ. ಉದ್ದನೆಯ ಬೋಲ್ಟು ಹಾಕಿಸಿದೆ. ಜೀಪು ಮೊಳಕಾಲೆತ್ತರಕ್ಕೆ ಎದ್ದು ನಿಂತಿತು. ಹಾಗೆ ಮಾಡಲು ಕಾರಣವಿತ್ತು. ನಮ್ಮದು ಎರಿ, ಅಂದರೆ ಕರಿಮಣ್ಣಿನ ಸೀಮೆ. ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಸುತ್ತಿ, ಹೊಟ್ಟೆಯ ಕೆಳಗೆ ತುಂಬಿ ಗಾಡಿಯನ್ನು ಹಿಡಿಯುತ್ತದೆ. ಎತ್ತರವಿದ್ದಷ್ಟೂ, ಬಿರುಸಾಗಿದ್ದಷ್ಟೂ ಗಾಡಿ ಒಳ್ಳೆಯದು ಎಂದು ನಾವು ಚಿಕ್ಕಂದಿನಿಂದ ಕಂಡವರು. ಮರಳನ್ನೂ ನಾನು ಒಣ ಎರಿ ಎಂದೇ ಎಣಿಸಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹತ್ತಾಕ ಏಣಿ ನೀವ ಕೊಡ್ತೀರೋ, ಮಂದಿ ಮನಿಯಿಂದ ತರ್ಬೇಕೋ?"

"ಮಂದಿ ಹತ್ತಾಕಲ್ಲ ಇದು, ಹಣ್ಣಿಗೆ."

"ಹಣ್ಣಿಗಿ ಕಾಲ ಅದಾವೇನು?"

ಮುಕ್ಕುಂದದಲ್ಲಿ ಮೊದಲ ಬೀಡಿನ, ಅಂದರೆ ಮೊದಲ ಕೊಯ್ಲಿನ ಹಣ್ಣನ್ನು ಅಮಾವಾಸ್ಯೆ ಕಳೆದ ಮೇಲೆ ಕೀಳುತ್ತಾರೆ. ಅದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು ಮಾಗಿದ್ದನ್ನು ಕೊಯ್ದು ಪೇಟೆಗೆ ಕಳಿಸುತ್ತಾರೆ. ಆ ಮುಂಗಡ ಹಣ್ಣನ್ನು ನನಗೆ ಹಾಕಿದರು. ತಳಕ್ಕೆ ಹುಲ್ಲು ಹಾಸಿ ತುಂಬಿದ್ದರು. ಜೀಪು ದಿಬ್ಬ ಏರಿತು, ನೆತ್ತಿ ದಾಟಿತು, ಎಲ್ಲೂ ಊರಲಿಲ್ಲ. ಬಂಡಿಯವರು ಎತ್ತು ನಿಲ್ಲಿಸಿ ನೋಡುತ್ತಿದ್ದರು. ರಸ್ತೆಗೆ ಬಂದು ನಿಲ್ಲಿಸಿ, ಮೀಸೆ ಒರೆಸಿಕೊಂಡು ಇಳಿದೆ. ಹಿಂದಿನಿಂದ ಕೆಂಪು ನೀರು ಸೋರುತ್ತಿತ್ತು.

ಲಾರಿಯ ಪಾಟಾ ಬಾಗಬೇಕಾದರೆ ಲಾರಿಯ ಭಾರ ಬೇಕು. ಜೀಪಿನ ಹೊರೆಗೆ ಅದು ಬಾಗಲೇ ಇಲ್ಲ. ಪ್ರತಿ ಉಬ್ಬಿಗೂ ಹಿಂಭಾಗ ಕುದುರೆಯಂತೆ ಒದ್ದಿತ್ತು. ಮುಂದೆ ಕೂತ ನನಗೆ ಅದು ಜೋರಾಗಿ ಹೋಗುತ್ತಿದೆ ಅನ್ನಿಸಿತ್ತು ಅಷ್ಟೆ.

ಆ ಹೆಂಗಸು ಬಂದು ಒಂದೊಂದೇ ಹಣ್ಣು ಇಳಿಸಿ, ಬೆರಳಿನಿಂದ ಬಡಿದು, ಒಡೆದದ್ದನ್ನು ಬೇರೆ ಇಟ್ಟಳು. ಹೊಳೆಯಲ್ಲಿ ಒಂದು ರೂಢಿಯಿತ್ತು. ದಾರಿಯಲ್ಲಿ ಒಡೆದ ಹಣ್ಣು ಗಾಡಿಯವನದು. ಅದರ ಬೆಲೆಯನ್ನು ಅವನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಯಾರೂ ಬೈಯುವುದಿಲ್ಲ, ಜಗಳ ಇಲ್ಲ. ಒಡೆದದ್ದನ್ನು ಅವನ ಗಾಡಿಗೇ ವಾಪಸು ತುಂಬುತ್ತಾರೆ. ಅವತ್ತು ನನ್ನ ಗಾಡಿಗೆ ತುಂಬಿದ್ದು ಬಹಳವಾಯಿತು.

"ಯಕ್ಕಾ, ಎತ್ತರ ಮಾಡು ಅಂದಿ, ಮಾಡ್ಕೊಂಡು ಬಂದೀನಿ," ಅಂದೆ.

"ಎತ್ತರ ಮಾಡು ಅಂದೆ ತಮ್ಮಾ, ಕುಣಿಸು ಅಂದಿದ್ದಿಲ್ಲ. ಅಮಾಸಿ ಆಗಲಿ. ಮೊದಲ ಬೀಡು ನೀ ಒಂದು ಗಾಡಿ ಹೊರು, ಬಂಡಿಯವ್ರು ಒಂದು ಬಂಡಿ ಹೊರಲಿ. ಯಾರ್ದು ಕಡಿಮಿ ಒಡಿತೈತೋ ಅವ್ರದ ಈ ವರ್ಷ."

ಮಸ್ಕಿಯ ನಮ್ಮ ಓಣಿಯಲ್ಲಿ ಅವತ್ತು ಮನೆಮನೆಗೂ ಕಲ್ಲಂಗಡಿ. ಒಬ್ಬ ಮುದುಕ ಹೋಳು ತಿನ್ನುತ್ತಾ, "ನಾಳಿನೂ ಹೋಗ್ತೀಯೇನಪಾ?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಹಣ್ಣು ಬೇಕಿತ್ತು.

ಲಿಂಗಸುಗೂರಿನಲ್ಲಿ ಪಾಟಾ ಕೆಲಸ ಮಾಡುವ ಒಬ್ಬ ಉಸ್ತಾದರಿದ್ದರು. ಕಡ್ಡಿಯಂತಹ ಮನುಷ್ಯ, ಬಾಯಿ ತುಂಬ ಪಾನ್. ಅವರ ಹತ್ತಿರ ಮೊದಲೇ ಹೋಗಬೇಕಿತ್ತೇನೋ, ಆದರೆ ನನ್ನ ಗಾಡಿಯ ಮೈ ನನಗೇ ಗೊತ್ತಿದೆ ಅನ್ನುವವನು ನಾನು. ಅವರು ಲಾರಿ ಪಾಟಾ ನೋಡಿ ನನ್ನ ಮುಖ ನೋಡಿದರು.

"ಇದನ್ನ ಯಾರು ಹಾಕಿದ್ದು?"

"ನಾನ ಹಾಕೀನಿ."

"ಬಿಗಿದಿದ್ದು ಬರೋಬರಿ ಐತಿ. ಒಂದು ಬೋಲ್ಟೂ ಸಡಲಾಗಿಲ್ಲ. ಖರೆ ಇದು ಪಾಟಾ ಅಲ್ಲೋ ಬೇಟಾ, ಕಟ್ಟಿ. ಕಟ್ಟಿ ಮ್ಯಾಲ ಜೀಪ್ ಕೂಡಿಸೀದಿ."

ಅವರು ಮೂರು ದಾರಿ ಹೇಳಿದರು. ನನ್ನ ಹಳೆಯ ಪಾಟಾಗಳನ್ನೇ ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಬಾಗು ಕೊಡುವುದು ಒಂದು. ಅದರ ಜೊತೆ ಜೀಪಿನದೇ ತೆಳ್ಳನೆಯ ಪಾಟಾ ಒಂದನ್ನು ಸೇರಿಸುವುದು ಇನ್ನೊಂದು. ಪಾಟಾದ ತುದಿಯನ್ನು ಮೈಗೆ ಹಿಡಿಯುವ ಕೊಂಡಿಗಳನ್ನು ಉದ್ದ ಮಾಡುವುದು ಮೂರನೆಯದು. ಕೊಂಡಿ ಬಹಳ ಉದ್ದವಾದರೆ ಸ್ಟೇರಿಂಗ್ ಓಲಾಡುತ್ತದೆ ಎಂದು ಅವರೇ ಬೇಡವೆಂದರು. ಎತ್ತರ ಎಷ್ಟಾಗುತ್ತದೆ ಎಂದು ಕೇಳಿದೆ. ಲಾರಿ ಪಾಟಾದ ಅರ್ಧ ಅಂದರು.

"ಅರ್ಧ ಆದ್ರ ದಿಬ್ಬದ ಮ್ಯಾಲ ಹೊಟ್ಟಿ ತಾಗತೈತಿ, ಚಾಚಾ."

"ತಾಗಿದ್ರ ತಾಗಲಿ. ನೀ ದಿಬ್ಬಕ್ಕ ಎದಿ ಕೊಟ್ಟು ಯಾಕ ಹತ್ತತೀ? ಅಡ್ಡ ಹಿಡಿ."

ಮೊದಲಿನ ಎರಡನ್ನು ಮಾಡಿಸಿದೆ. ಹೊಸ ಸೆಟ್ಟಿನ ಮುಂದೆ ಅದು ಏನೂ ಅಲ್ಲ. ಲಾರಿ ಪಾಟಾಗಳನ್ನು ಗುಜರಿಯವನು ವಾಪಸು ತೆಗೆದುಕೊಂಡ, ಕತ್ತರಿಸಿದ್ದಕ್ಕೆ ಬೆಲೆ ಇಳಿಸಿದ.

ಈ ಸಲ ಮುಂದೆ ಕೂತು ತೀರ್ಮಾನಿಸಬಾರದು ಅನ್ನಿಸಿತು. ಅದನ್ನೂ ನಾನು ಹೇಳುವ ಮೊದಲೇ ಹೆಂಡತಿ ಹೇಳಿದಳು. "ನೀವು ಮುಂದ ಗಾದಿ ಮ್ಯಾಲ ಕುಂತಿರ್ತೀರಿ. ಹಿಂದ ಏನಾಗತೈತಿ ನಿಮಗೇನು ಗೊತ್ತು? ನಾ ಕುಂದ್ರತೀನಿ, ನಡೀರಿ."

ಮಸ್ಕಿಯ ಹಳ್ಳದಲ್ಲೂ ಮರಳಿದೆ, ಹೊಳೆಯಷ್ಟಲ್ಲ. ಹಿಂದೆ ಹುಲ್ಲು ಹಾಸಿ, ಸುತ್ತ ನೀರು ತುಂಬಿದ ಕೊಡಗಳನ್ನಿಟ್ಟು ನಡುವೆ ಅವಳು ಕೂತಳು. ಹಳ್ಳಕ್ಕೆ ಇಳಿದೆ.

"ಈಗ?" ಎಂದು ಕೂಗಿದೆ.

"ಈಗ ಬೆನ್ನಿಗೆ ಬಡೀತು."

"ಈಗ?"

"ಕೊಡ ಚೆಲ್ಲಿತು, ನಾ ಅಳ್ಳಾಡಿಲ್ಲ."

ಗಾಲಿ ಮಾತ್ರ ಒಂದು ಕಡೆ ಕೆಳಗೆ ಹೋಯಿತು. ಇಳಿದು ನೋಡಿದೆ. ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರಿಗೆ ಅಗಲವಾದ ಕಬ್ಬಿಣದ ಪಂಜರದ ಗಾಲಿ ಹಾಕುತ್ತಿದ್ದೆವು. ಗಾಲಿ ಅಗಲವಾದರೆ ಮುಳುಗುವುದಿಲ್ಲ. ಜೀಪಿಗೆ ಪಂಜರ ಎಲ್ಲಿಂದ ತರುವುದು? ಟೈರಿನ ಗಾಳಿ ಅರ್ಧ ಬಿಟ್ಟೆ, ಟೈರು ರೊಟ್ಟಿಯಂತೆ ಹರಡಿತು. ಜೀಪು ತಾನಾಗಿ ಮೇಲೆ ಬಂತು. ಮೊದಲು ಹೋದ ದಾರಿಯಲ್ಲೇ ಮತ್ತೆ ಹೋದೆ.

"ಈಗ?"

ತಿರುಗಿ ನೋಡಿದರೆ ಅವಳು ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ಸುಣ್ಣ ಹಚ್ಚುತ್ತಿದ್ದಳು. ಅಷ್ಟು ಸಾಕಾಯಿತು.

ಅಮಾವಾಸ್ಯೆ ಕಳೆಯಿತು. ಮುಕ್ಕುಂದದಲ್ಲಿ ಹೊತ್ತು ಹುಟ್ಟುವ ಮೊದಲೇ ಹಣ್ಣು ಕಿತ್ತಿದ್ದರು. ಬಂಡಿಯವರು ಒಂದು ಬಂಡಿ ತುಂಬಿಸಿಕೊಂಡು ಮುಂದೆ ಹೊರಟರು. ನಾನು ಟೈರಿನ ಗಾಳಿ ಇಳಿಸಿದೆ. ಅದನ್ನು ನೋಡಿ ಒಬ್ಬ, "ಪಂಚರ್ ಆಗೇತಿ, ಪಾಪ," ಅಂದ.

ದಿಬ್ಬಕ್ಕೆ ಎದೆ ಕೊಡಲಿಲ್ಲ. ಪಕ್ಕದಿಂದ ಸುತ್ತಿಕೊಂಡು ಹೋದೆ. ಒಂದು ಕಡೆ ಹೊಟ್ಟೆ ಮರಳಿಗೆ ತಾಗಿದ ಸದ್ದು ಕೇಳಿಸಿತು. ಆಕ್ಸಿಲರೇಟರಿನಿಂದ ಕಾಲು ಎತ್ತದೆ ಹಾಗೇ ಹಿಡಿದೆ. ಉಜ್ಜಿಕೊಂಡು ದಾಟಿತು. ರಸ್ತೆಯಲ್ಲಿ ಬಂಡಿಯವರು ಆಗಲೇ ಹಣ್ಣು ಇಳಿಸುತ್ತಿದ್ದರು. ನಾನು ಇಳಿದು ಹಿಂದಕ್ಕೆ ಹೋಗಲಿಲ್ಲ. ಬೀಡಿ ಹಚ್ಚಿ ರಸ್ತೆಯ ಆಚೆ ನಿಂತೆ.

ಆ ಹೆಂಗಸು ಎರಡೂ ರಾಶಿಯನ್ನು ಬಡಿದು ನೋಡಿದಳು. ಬಂಡಿಯದರಲ್ಲಿ ನಾಲ್ಕಾರು ಒಡೆದಿದ್ದವು, ಅವರಿಗೆ ಕೊಟ್ಟಳು. ನನ್ನ ರಾಶಿಯಿಂದ ಒಂದನ್ನು ಎತ್ತಿಕೊಂಡು ರಸ್ತೆ ದಾಟಿ ಬಂದಳು.

"ಹಿಡಿ. ನಿಂದು."

ತೊಟ್ಟಿನ ಹತ್ತಿರ ಸಣ್ಣ ಬಿರುಕಿತ್ತು.

"ಇದೊಂದೇನು?"

"ಇನ್ನೊಂದು ಬೇಕಾದ್ರ ನೀನ ಒಡಿ. ಹೊತ್ತು ಏರಾಕತ್ತೈತಿ, ತಿರುಗಿ ಹೋಗಿ ತುಂಬ್ಕೊಂಡು ಬಾ."

ಹೊಳೆಗೆ ಹೊಸ ನೀರು ಬರುವ ತನಕ ಅವಳ ಹಣ್ಣನ್ನೂ ಉಳಿದವರ ಹಣ್ಣನ್ನೂ ನಾನೇ ಹೊತ್ತೆ. ಬಂಡಿಯವರು ಹತ್ತಿರದ ಕಲ್ಲಂಗಡಿ ತೋಟಗಳಿಂದ ದಿಬ್ಬದ ಬುಡದವರೆಗೆ ತರುತ್ತಿದ್ದರು, ಅಲ್ಲಿಂದ ಮುಂದೆ ನನ್ನದು. ಹೀಗೆ ಆ ದಶಕ ಮುಗಿಯುವವರೆಗೆ ಪ್ರತಿ ಬೇಸಿಗೆ ಹೊಳೆಯಲ್ಲಿದ್ದೆ. ಕ್ಯಾಂಪಿನ ಸಾವುಕಾರರಿಗೆ ಬೇರೆ ಡ್ರೈವರ್ ಸಿಕ್ಕ. ಅವನು ಚೆನ್ನಾಗಿ ಹೊಡೆಯುತ್ತಾನೆ ಎಂದು ಅವರೇ ಮುಂದೊಮ್ಮೆ ಹೇಳಿದರು, ನನಗೂ ಸಮಾಧಾನವಾಯಿತು.

ಆ ಜೀಪನ್ನು ಬಿಚ್ಚಿ ಮಾರಿ ವರ್ಷಗಳಾದವು. ಈಗ ನನ್ನ ಹತ್ತಿರ ಎರಡು ಟ್ರ್ಯಾಕ್ಟರ್, ಮೂರು ಟ್ರಾಲಿ, ಒಂದು ಪಿಕಪ್ ಗಾಡಿ, ಮಸ್ಕಿಯಲ್ಲಿ ನಾಲ್ಕು ಕೋಣೆಯ ಮನೆ, ಪಾಮನಕಲ್ಲೂರಿನಲ್ಲಿ ಐದು ಎಕರೆ ಎರಿ ಹೊಲ ಇವೆ.