ಕಲ್ಲುಹೂವಿನ ಮೇಡಂ

ತಳಿ ಎಂಬ ಊರಿನ ನಮ್ಮ ಗುಡ್ಡಕ್ಕೆ ತಿಂಗಳಿಗೊಮ್ಮೆ ಒಬ್ಬರು ಮೇಡಂ ಬರುತ್ತಿದ್ದರು. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಲುಹೂವು ವರ್ಷಕ್ಕೆ ಎಷ್ಟು ಹರಡುತ್ತದೆ ಎಂದು ಅಳೆಯುವುದು ಅವರ ಕೆಲಸ. ನಮ್ಮ ರಾಗಿ ಹೊಲದಂಚಿನ ಬಂಡೆಯ ಹತ್ತಿರ ಬಂದವರೇ ಬೂಟು ಬಿಚ್ಚಿಡುವರು. ತುಳಿದರೆ ಕಲ್ಲುಹೂವು ಉದುರೀತೆಂಬ ಭಯ. ಆಮೇಲೆ ಮಂಡಿಯೂರಿ, ಭೂತಗನ್ನಡಿ ಹಿಡಿದು, ಹಣೆ ಕಲ್ಲಿಗೆ ತಾಗುವಷ್ಟು ಬಗ್ಗುವರು. ಏನು ಕೇಳಿದರೂ, "ನೋಡೋಣ ಇರಿ, ಕಲ್ಲಿಗೇನು ಅವಸರ?" ಎನ್ನುವರು.

ಮೂರನೆಯ ವರ್ಷ ಒಂದು ದಿನ ಬಂದು ನೋಡಿದರೆ ಬಂಡೆಯ ತುಂಬ ಅರಿಶಿನ, ಕುಂಕುಮ, ಮೇಲಿಂದ ಎಣ್ಣೆ. ಕಲ್ಲುಹೂವು ಅದರಡಿ ಕಪ್ಪಾಗಿತ್ತು. ಅಷ್ಟು ದಿನದ ಅಳತೆಯೆಲ್ಲ ಹೋಯಿತೆಂದು ಮೇಡಂ ನಮ್ಮ ಕಡೆ ತಿರುಗಿದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಕಣಮ್ಮ," ಎಂದಳು ನಮ್ಮಮ್ಮ. "ಓದ್ಕಂಡೋರು ನೀವೇ ತಿಂಗ್ಳು ತಿಂಗ್ಳೂ ಬರಿಗಾಲಲ್ಲಿ ಬಂದು ಅಡ್ಡಬೀಳ್ತಿದ್ರಿ. ದೇವ್ರಿಲ್ದೆ ಸುಮ್ಕೆ ಬಿದ್ದಾರಾ ಅಂತ ನಾನೂ ಪೂಜೆ ಹಾಕ್ದೆ."

ಮೇಡಂ ಮೆಲ್ಲಗೆ ಪುಸ್ತಕ ತೆಗೆದು ಹೊಸ ಹಾಳೆ ತಿರುವಿದರು.

"ಯಾವ ಎಣ್ಣೆ ಹಾಕ್ತೀರಿ?"

"ಹುಚ್ಚೆಳ್ಳೆಣ್ಣೆ. ಶುಕ್ರವಾರ ಶುಕ್ರವಾರ."

"ನಿಲ್ಲಿಸ್ಬೇಡಿ. ಎಣ್ಣೆ ಬಿದ್ದ ಕಲ್ಲುಹೂವು ಏನಾಗುತ್ತೆ ಅಂತ ಇನ್ಮೇಲೆ ಅದನ್ನೇ ಅಳೀತೀನಿ. ಹೋಲಿಸಿ ನೋಡೋಕೆ ಪಕ್ಕದ ಬಂಡೆಗೆ ಮಾತ್ರ ಏನೂ ಹಾಕ್ಬೇಡಿ."

ಅಮ್ಮ ಪಕ್ಕದ ಬಂಡೆಯ ಕಡೆ ತಿರುಗಿ ಮರುಕದಿಂದ ನೋಡಿದಳು.

"ಅದೇನ್ ಪಾಪ ಮಾಡೈತಮ್ಮಾ?"